ಕೈಗಾ: ಒಂದು ಪರಮಾಣು ವಿದ್ಯುತ್ ಸ್ಥಾವರದ ವಿನ್ಯಾಸ ಮತ್ತು ನಿರ್ವಹಣೆಯ ಹಿನ್ನೋಟ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಎಡದಂಡೆಯ ಮೇಲೆ, ಸಹ್ಯಾದ್ರಿಯ ಕಾಡಿನ ನಡುವೆ ಇರುವ ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಈ ಘಟಕಗಳ ಸಂಖ್ಯೆಯನ್ನೂ ಅವು ಉತ್ಪಾದನೆಗೆ ತೊಡಗಿದ ದಿನಾಂಕಗಳನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೊದಲನೆಯ ಘಟಕದ ನಿರ್ಮಾಣ 1989ರ ಸೆಪ್ಟೆಂಬರ್‌ನಲ್ಲಿಯೂ ಎರಡನೆಯದರ ನಿರ್ಮಾಣ ಅದೇ ವರ್ಷದ ಡಿಸೆಂಬರ್‌ನಲ್ಲಿಯೂ ಆರಂಭವಾಯಿತು. ಆದರೆ ಎರಡನೆಯ ಘಟಕವು 2000ದ ಮಾರ್ಚ್ 16ರಂದೇ ವಾಣಿಜ್ಯ ಉತ್ಪಾದನೆಗೆ ತೊಡಗಿದರೆ, ಮೊದಲನೆಯದು ಅದೇ ವರ್ಷದ ನವೆಂಬರ್ 16ರವರೆಗೆ ಕಾಯಬೇಕಾಯಿತು. ಹಿರಿಯನಿಗಿಂತ ಕಿರಿಯನು ಎಂಟು ತಿಂಗಳು ಮುಂಚಿತವಾಗಿ ಹೊಸಿಲು ದಾಟಿದ ಈ ಪ್ರಸಂಗದ ಹಿಂದೆ, ಭಾರತದ ಪರಮಾಣು ಎಂಜಿನಿಯರಿಂಗ್ ಚರಿತ್ರೆಯ ಒಂದು ಕಠಿಣ ಅಧ್ಯಾಯವಿದೆ. ಅದನ್ನು ಅರಿಯಬೇಕಾದರೆ ಸ್ಥಾವರದ ರಚನೆಯನ್ನು ಮೊದಲು ತಿಳಿಯುವುದು ಅವಶ್ಯಕ.

ಸಹಜ ಯುರೇನಿಯಂ ಮತ್ತು ಭಾರಜಲ

ವಿದ್ಯುತ್ ಉತ್ಪಾದನೆಯ ಮಟ್ಟಿಗೆ ಹೇಳುವುದಾದರೆ ಪರಮಾಣು ಸ್ಥಾವರಕ್ಕೂ ಕಲ್ಲಿದ್ದಲ ಸ್ಥಾವರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ನೀರು ಕುದಿದು ಹಬೆಯಾಗುತ್ತದೆ, ಹಬೆಯು ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ. ವ್ಯತ್ಯಾಸವಿರುವುದು ಒಲೆಯಲ್ಲಿ. ಇಲ್ಲಿ ಉರಿಯುವುದು ಯಾವುದೂ ಇಲ್ಲ. ಯುರೇನಿಯಂ ಪರಮಾಣುವಿನ ಬೀಜವು ನ್ಯೂಟ್ರಾನಿನ ಹೊಡೆತಕ್ಕೆ ಸಿಕ್ಕಿ ಎರಡಾಗಿ ಸೀಳುತ್ತದೆ. ಆಗ ಉಷ್ಣವೂ ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನುಗಳೂ ಹೊರಬೀಳುತ್ತವೆ. ಈ ಹೊಸ ನ್ಯೂಟ್ರಾನುಗಳು ಮತ್ತೆ ಬೇರೆ ಬೀಜಗಳನ್ನು ಸೀಳುವಂತಾದರೆ ಸರಪಳಿ ಕ್ರಿಯೆ ನಿಲ್ಲದೆ ಸಾಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಗಣಿಯಿಂದ ತೆಗೆದ ಸಹಜ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಇರುವುದು ಸಾವಿರ ಪರಮಾಣುಗಳಲ್ಲಿ ಏಳು ಮಾತ್ರ. ಇಷ್ಟು ಅಲ್ಪ ಪ್ರಮಾಣದಿಂದ ಕ್ರಿಯೆ ಮುಂದುವರಿಯಬೇಕಾದರೆ ಒಂದು ನ್ಯೂಟ್ರಾನೂ ವ್ಯರ್ಥವಾಗಬಾರದು. ಮೇಲಾಗಿ ಅತಿವೇಗದಿಂದ ಹೊರಡುವ ನ್ಯೂಟ್ರಾನುಗಳ ವೇಗವನ್ನು ತಗ್ಗಿಸಬೇಕು. ಸಾಮಾನ್ಯ ನೀರು ವೇಗವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಆ ಭರದಲ್ಲಿ ಸಾಕಷ್ಟು ನ್ಯೂಟ್ರಾನುಗಳನ್ನು ತಾನೇ ನುಂಗಿಬಿಡುತ್ತದೆ. ಹೈಡ್ರೋಜನಿನ ಬದಲು ಅದರ ಎರಡರಷ್ಟು ತೂಕದ ಡ್ಯುಟೀರಿಯಂ ಇರುವ ಭಾರಜಲವು ವೇಗವನ್ನು ತಗ್ಗಿಸುತ್ತದೆ, ನುಂಗುವುದು ಬಹಳ ಕಡಿಮೆ. ಯುರೇನಿಯಂನ್ನು ಸಂವರ್ಧಿಸುವ ದುಬಾರಿ ಕಾರ್ಯಕ್ಕೆ ಕೈಹಾಕದೆ ಸಹಜ ಯುರೇನಿಯಂನಿಂದಲೇ ವಿದ್ಯುತ್ತನ್ನು ಪಡೆಯಲು ಭಾರತವು ಭಾರಜಲದ ಹಾದಿಯನ್ನು ಹಿಡಿದುದಕ್ಕೆ ಇದೇ ಕಾರಣ.

ಈ ಹಾದಿ ತೊಡಗಿದ್ದು ಕೆನಡಾದ ನೆರವಿನಿಂದ ರಾಜಸ್ಥಾನದ ರಾವತಭಾಟದಲ್ಲಿ. ಅಲ್ಲಿನ ಮೊದಲ ಘಟಕ 1973ರಲ್ಲಿ ಉತ್ಪಾದನೆಗೆ ತೊಡಗಿತು. 1974ರ ಪೋಖ್ರಾನ್ ಪರೀಕ್ಷೆಯ ತರುವಾಯ ಕೆನಡಾ ಹಿಂದೆ ಸರಿಯಿತು. ಮುಂದಿನದೆಲ್ಲವನ್ನೂ ದೇಶದ ಎಂಜಿನಿಯರುಗಳು ತಾವೇ ಕಲಿಯಬೇಕಾಯಿತು. ಈ ಪ್ರಯತ್ನದ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ಎಂ. ಆರ್. ಶ್ರೀನಿವಾಸನ್ (1930–2025). 1987ರಲ್ಲಿ ಪರಮಾಣು ವಿದ್ಯುತ್ ನಿಗಮ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಕಲ್ಪಾಕ್ಕಂ, ನರೋರಾ, ಕಾಕ್ರಪಾರಗಳಲ್ಲಿ ಒಂದೊಂದು ಮೆಟ್ಟಿಲಾಗಿ ವಿನ್ಯಾಸವು ಬದಲಾಗುತ್ತ ಬಂದು ಕೈಗಾವನ್ನು ತಲುಪಿತು.

ರಿಯಾಕ್ಟರಿನ ಒಳಗೆ

ಕೈಗಾದ ಪ್ರತಿಯೊಂದು ರಿಯಾಕ್ಟರಿನ ಹೃದಯಭಾಗದಲ್ಲಿ ಅಡ್ಡಲಾಗಿ ಮಲಗಿಸಿದ ಒಂದು ದೊಡ್ಡ ಉಕ್ಕಿನ ಪೀಪಾಯಿ ಇದೆ. ಇದಕ್ಕೆ ಕ್ಯಾಲಾಂಡ್ರಿಯ ಎಂದು ಹೆಸರು. ಇದರಲ್ಲಿ ಮಂದಕವಾಗಿ ಕೆಲಸ ಮಾಡುವ ಭಾರಜಲವು ಹೆಚ್ಚು ಬಿಸಿಯೂ ಅಲ್ಲದೆ, ಹೆಚ್ಚು ಒತ್ತಡವೂ ಇಲ್ಲದೆ ತುಂಬಿರುತ್ತದೆ. ಪೀಪಾಯಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ 306 ಕೊಳವೆಗಳು ಹಾದುಹೋಗಿವೆ. ಒಂದೊಂದು ಕೊಳವೆಯಲ್ಲಿ 12 ಇಂಧನ ಗೊಂಚಲುಗಳು ಸಾಲಾಗಿ ಕುಳಿತಿರುತ್ತವೆ. ಒಂದು ಗೊಂಚಲಿನ ಉದ್ದ ಸುಮಾರು ಅರ್ಧ ಮೀಟರು. ಅದರಲ್ಲಿ 19 ಕಡ್ಡಿಗಳು. ಇವು ತಯಾರಾಗುವುದು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ. ಕೊಳವೆಗಳ ಮೂಲಕ ಶೀತಕವಾಗಿ ಹರಿಯುವುದು ಮತ್ತೆ ಭಾರಜಲವೇ. ಆದರೆ ಇದು ಹೆಚ್ಚಿನ ಒತ್ತಡದಲ್ಲಿದ್ದು, 290 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಬಿಗಿದ ಪ್ರೆಶರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿಯನ್ನು ಮೀರಿದರೂ ಕುದಿಯದಿರುವುದನ್ನು ಬಲ್ಲ ಗೃಹಿಣಿಯರಿಗೆ ಈ ತತ್ವ ಹೊಸದೇನಲ್ಲ. ಈ ಬಿಸಿ ಭಾರಜಲವು ಹಬೆ ಉತ್ಪಾದಕಗಳಲ್ಲಿ ಸಾಮಾನ್ಯ ನೀರಿಗೆ ತನ್ನ ಉಷ್ಣವನ್ನು ಕೊಟ್ಟು, ತಣಿದು, ಮರಳುತ್ತದೆ.

ಕೊಳವೆಗಳ ಲೋಹದ ವಿಷಯದಲ್ಲಿ ಕೈಗಾಕ್ಕೆ ಹಿಂದಿನವರ ಅನುಭವದ ಲಾಭ ದೊರೆಯಿತು. ಮೊದಲಿನ ಸ್ಥಾವರಗಳಲ್ಲಿ ಜಿರ್ಕಲಾಯ್-2 ಎಂಬ ಮಿಶ್ರಲೋಹದ ಕೊಳವೆಗಳಿದ್ದವು. 1983ರ ಆಗಸ್ಟ್‌ನಲ್ಲಿ ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ ಇಂಥದೊಂದು ಕೊಳವೆ ಇದ್ದಕ್ಕಿದ್ದಂತೆ ಸೀಳಿತು. ವರ್ಷಗಳ ಕಾಲ ಬಿಸಿನೀರಿನ ಸಂಗದಲ್ಲಿದ್ದ ಲೋಹವು ಹೈಡ್ರೋಜನಿನ ಜಾತಿಯ ಅನಿಲವನ್ನು ಹೀರಿಕೊಂಡು ಪೆಡಸಾಗುತ್ತದೆ. ಕೊಳವೆಯು ಬಾಗಿ ಹೊರಗಿನ ತಣ್ಣಗಿನ ಕೊಳವೆಗೆ ತಾಗಿದರೆ ಆ ಜಾಗದಲ್ಲಿ ಬಿರುಕಿಗೆ ಆಸ್ಪದವಾಗುತ್ತದೆ. ಆದುದರಿಂದ ಕೈಗಾದಲ್ಲಿ ನಿಯೋಬಿಯಂ ಬೆರೆಸಿದ ಜಿರ್ಕೋನಿಯಂ ಕೊಳವೆಗಳನ್ನು ಬಳಸಲಾಯಿತು. ಒಳಕೊಳವೆ ಹೊರಕೊಳವೆಗಳು ಒಂದಕ್ಕೊಂದು ತಾಗದಂತೆ ತಡೆಯುವ ಸುರುಳಿ ಉಂಗುರಗಳು ಜರುಗದಂತೆ ಬಿಗಿಯಾಗಿ ಕೂಡಿಸಲ್ಪಟ್ಟವು.

ಈ ಬಗೆಯ ರಿಯಾಕ್ಟರಿನ ಇನ್ನೊಂದು ವೈಶಿಷ್ಟ್ಯವೆಂದರೆ ಅದನ್ನು ನಿಲ್ಲಿಸದೆಯೇ ಇಂಧನವನ್ನು ತುಂಬಬಹುದು. ಕೊಳವೆಯ ಎರಡು ತುದಿಗಳಿಗೂ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಯಂತ್ರವು ಹೊಸ ಗೊಂಚಲುಗಳನ್ನು ಒಳಗೆ ತಳ್ಳಿದಂತೆಲ್ಲ ಎದುರು ತುದಿಯ ಯಂತ್ರವು ಹಳೆಯವನ್ನು ಸ್ವೀಕರಿಸುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ನಡೆಯುವ ಒಂದು ಘಟಕಕ್ಕೆ ದಿನಕ್ಕೆ ಸುಮಾರು ಎಂಟು ಗೊಂಚಲುಗಳು ಬೇಕಾಗುತ್ತವೆ. ಬೇರೆ ಬಗೆಯ ರಿಯಾಕ್ಟರುಗಳನ್ನು ಒಂದೂವರೆ ಎರಡು ವರ್ಷಗಳಿಗೊಮ್ಮೆ ನಿಲ್ಲಿಸಿ ಇಂಧನ ಬದಲಿಸಬೇಕಾಗುವುದರಿಂದ, ದೀರ್ಘಕಾಲ ಎಡೆಬಿಡದೆ ನಡೆಯುವ ಸ್ಪರ್ಧೆಯಲ್ಲಿ ಅವು ಭಾರಜಲ ರಿಯಾಕ್ಟರಿಗೆ ಸಾಟಿಯಾಗುವುದು ಕಷ್ಟ.

ನಿಲ್ಲಿಸುವ ವ್ಯವಸ್ಥೆಯೂ ಹಂತಹಂತವಾಗಿ ಬದಲಾದುದೇ. ರಾಜಸ್ಥಾನ ಮತ್ತು ಕಲ್ಪಾಕ್ಕಂಗಳಲ್ಲಿ ಆಪತ್ತಿನ ಸಮಯದಲ್ಲಿ ಮಂದಕ ಭಾರಜಲವನ್ನು ಕೆಳಗಿನ ತೊಟ್ಟಿಗೆ ಸುರಿದುಬಿಡುವ ಏರ್ಪಾಡಿತ್ತು. ಮಂದಕವಿಲ್ಲದಿದ್ದರೆ ಸರಪಳಿ ಕ್ರಿಯೆ ತಾನಾಗಿ ನಿಲ್ಲುತ್ತದೆ. ನರೋರಾದಿಂದ ಮುಂದೆ ಇದನ್ನು ಬಿಟ್ಟು, ಒಂದನ್ನೊಂದು ಅವಲಂಬಿಸದ ಎರಡು ಕ್ಷಿಪ್ರ ವ್ಯವಸ್ಥೆಗಳನ್ನು ಅಳವಡಿಸಲಾಯಿತು. ಮೊದಲನೆಯದರಲ್ಲಿ ನ್ಯೂಟ್ರಾನುಗಳನ್ನು ಹೀರುವ ಕ್ಯಾಡ್ಮಿಯಂ ಇರುವ 14 ಸರಳುಗಳು ಮೇಲಿನಿಂದ ಬೀಳುತ್ತವೆ. ಅವು ಬೀಳದೆ ಹೋದ ಪಕ್ಷದಲ್ಲಿ ಬೋರಾನ್ ಬೆರೆತ ದ್ರಾವಣವು ಲಂಬವಾದ 12 ನಾಳಗಳಿಗೆ ನುಗ್ಗುತ್ತದೆ.

1993ರ ಮಾರ್ಚ್ 31ರ ರಾತ್ರಿ

ಕೈಗಾದ ಗೋಡೆಗಳು ಇನ್ನೂ ಏಳುತ್ತಿದ್ದಾಗ ಉತ್ತರ ಪ್ರದೇಶದ ನರೋರಾದಲ್ಲಿ ನಡೆದ ಒಂದು ಘಟನೆ ಎಲ್ಲ ಸ್ಥಾವರಗಳ ವಿನ್ಯಾಸಕಾರರನ್ನೂ ಎಚ್ಚರಗೊಳಿಸಿತು. ಟರ್ಬೈನಿನ ಎರಡು ಅಲಗುಗಳು ಮುರಿದವು. ಅದರಿಂದಾದ ಭೀಕರ ಕಂಪನಕ್ಕೆ ಜನರೇಟರಿನಿಂದ ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿಕೊಂಡಿತು. ಬೆಂಕಿಯು ಕೇಬಲುಗಳನ್ನು ಹಿಡಿದು, ಮುಖ್ಯ ಕೇಬಲುಗಳೊಂದಿಗೆ ಅವುಗಳ ಬದಲಿಯಾಗಿ ಇಟ್ಟಿದ್ದವೂ ಸುಟ್ಟುಹೋದವು. ಸುಮಾರು 17 ಗಂಟೆಗಳ ಕಾಲ ಸ್ಥಾವರದಲ್ಲಿ ವಿದ್ಯುತ್ತಿರಲಿಲ್ಲ. ರಿಯಾಕ್ಟರು ನಿಂತಿದ್ದರೂ ಅದರ ಒಳಗಿನ ಇಂಧನದ ಶೇಷ ಉಷ್ಣವನ್ನು ತೆಗೆಯಲೇಬೇಕಿತ್ತು. ಸಿಬ್ಬಂದಿಯವರು ಕತ್ತಲೆಯಲ್ಲಿ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದ ತೆರೆದರು. ಡೀಸೆಲ್‌ನಿಂದ ನಡೆಯುವ ಅಗ್ನಿಶಾಮಕ ಪಂಪುಗಳಿಂದ ಹಬೆ ಉತ್ಪಾದಕಗಳಿಗೆ ನೀರನ್ನು ಹಾಯಿಸಿದರು. ಪಂಪುಗಳು ನಿಂತಿದ್ದಾಗಲೂ ಬಿಸಿಯಾದ ಭಾರಜಲ ಮೇಲೇರಿ ತಣಿದದ್ದು ಕೆಳಗಿಳಿಯುವ ಸಹಜ ಪರಿಚಲನೆಯು ಇಂಧನವನ್ನು ಕಾಪಾಡಿತು. ವಿಕಿರಣ ಹೊರಬೀಳಲಿಲ್ಲ. ಬದಲಿ ಕೇಬಲುಗಳನ್ನು ಮುಖ್ಯ ಕೇಬಲುಗಳ ಹಾದಿಯಲ್ಲಿಯೇ ಒಯ್ದರೆ ಅವು ಬದಲಿ ಎನಿಸಿಕೊಳ್ಳುವುದಿಲ್ಲ ಎಂಬ, ಹೇಳಿದರೆ ಅತಿ ಸರಳವೆನಿಸುವ ಪಾಠಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಾಯಿತು. ದೇಶದ ಉಳಿದ ಸ್ಥಾವರಗಳಲ್ಲಿ ಟರ್ಬೈನ್ ಅಲಗುಗಳ ವಿನ್ಯಾಸವೂ ಕೇಬಲುಗಳ ಹಾದಿಯೂ ಮರುಪರಿಶೀಲನೆಗೆ ಒಳಗಾದವು.

ಗುಮ್ಮಟದ ಕುಸಿತ

ಇದಾದ ಒಂದು ವರ್ಷದ ಬಳಿಕ ಕೈಗಾದ ಸರದಿ ಬಂದಿತು.

ರಿಯಾಕ್ಟರಿನ ಕಟ್ಟಡವನ್ನು ಎರಡು ಚಿಪ್ಪುಗಳಾಗಿ ಕಟ್ಟಲಾಗುತ್ತದೆ. ಒಳಗೆ ಎಂತಹ ಅವಘಡವಾದರೂ ವಿಕಿರಣಶೀಲ ವಸ್ತುಗಳು ಹೊರಗೆ ಹೋಗದಂತೆ ತಡೆಯುವ ಕೊನೆಯ ಕೋಟೆ ಇದು. ನರೋರಾ ಮತ್ತು ಕಾಕ್ರಪಾರಗಳಲ್ಲಿ ಒಳಚಿಪ್ಪಿಗೆ ಚಪ್ಪಟೆಯಾದ ಚಾವಣಿ ಇತ್ತು. ಕೈಗಾದಲ್ಲಿಯೂ ಅದೇ ಕಾಲದಲ್ಲಿ ಕಟ್ಟುತ್ತಿದ್ದ ರಾಜಸ್ಥಾನದ ಮೂರು ಮತ್ತು ನಾಲ್ಕನೆಯ ಘಟಕಗಳಲ್ಲಿಯೂ ಅದರ ಬದಲು ಗುಮ್ಮಟವನ್ನು ಆರಿಸಿಕೊಳ್ಳಲಾಯಿತು. ಹಬೆ ಉತ್ಪಾದಕಗಳನ್ನು ಮೇಲಿನಿಂದ ಇಳಿಸಲು, ಮುಂದೊಂದು ದಿನ ಬದಲಿಸಬೇಕಾದರೆ ಹೊರತೆಗೆಯಲು, ಈ ಗುಮ್ಮಟದಲ್ಲಿ ದೊಡ್ಡ ತೆರಪುಗಳನ್ನು ಬಿಡಲಾಗಿತ್ತು.

ಒಳಚಿಪ್ಪಿನ ಕಾಂಕ್ರೀಟು ಸಾಮಾನ್ಯ ಕಾಂಕ್ರೀಟಲ್ಲ, ಮೊದಲೇ ಬಿಗಿದ ಕಾಂಕ್ರೀಟು. ಹಳ್ಳಿಯ ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾವನ್ನು ಕೆಂಪಗೆ ಕಾಯಿಸಿ ತೊಡಿಸುತ್ತಾನೆ. ಅದು ತಣಿದು ಕುಗ್ಗಿದಾಗ ಮರದ ತುಂಡುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ಬಿಗಿಯುತ್ತವೆ. ಕಾಂಕ್ರೀಟಿನ ಒಳಗೆ ಉಕ್ಕಿನ ತಂತಿಗಳ ಹುರಿಗಳನ್ನು ಹಾಯಿಸಿ ಎಳೆದು ಬಿಗಿಯುವುದರ ಉದ್ದೇಶವೂ ಇದೇ. ಕಾಂಕ್ರೀಟು ಒತ್ತಡವನ್ನು ತಾಳಿಕೊಳ್ಳುತ್ತದೆ, ಸೆಳೆತವನ್ನು ತಾಳಲಾರದು. ಆದುದರಿಂದ ಅದನ್ನು ಸದಾ ಒತ್ತಡದಲ್ಲಿಯೇ ಇರಿಸುವುದು ಈ ಯುಕ್ತಿ. ಆದರೆ ಗುಮ್ಮಟದಲ್ಲಿ ತಂತಿಗಳು ಬಾಗಿ ಹೋಗುತ್ತವೆ. ಬಾಗಿದ ತಂತಿಯನ್ನು ಎಳೆದಾಗ ಅದು ನೆಟ್ಟಗಾಗಲು ಹವಣಿಸಿ ಒಳಮುಖವಾಗಿ ಒತ್ತುತ್ತದೆ. ಇದರಿಂದ ಗುಮ್ಮಟದ ದಪ್ಪದಲ್ಲಿ ಮೇಲಿನ ಪದರವನ್ನು ಕೆಳಗಿನ ಪದರದಿಂದ ಬೇರ್ಪಡಿಸುವ ಒಂದು ಸೆಳೆತ ಹುಟ್ಟುತ್ತದೆ. ತೆರಪುಗಳ ಅಂಚಿನಲ್ಲಿ ತಂತಿಗಳು ಸುತ್ತುಬಳಸಿ ಒತ್ತೊತ್ತಾಗಿ ಹೋಗಬೇಕಾಗಿರುವುದರಿಂದ ಅಲ್ಲಿ ಈ ಸೆಳೆತವೂ ಹೆಚ್ಚು. ತಂತಿಯ ನಾಳಗಳೇ ಜಾಗವನ್ನು ಆಕ್ರಮಿಸುವುದರಿಂದ ಅದನ್ನು ತಡೆಯಬೇಕಾದ ಕಾಂಕ್ರೀಟೂ ಕಡಿಮೆ.

ತಂತಿಗಳನ್ನು ಬಿಗಿಯುವ ಕೆಲಸ ನಡೆದಿದ್ದ ಹಂತದಲ್ಲಿ, 1994ರ ಮೇ 13ರಂದು, ಮೊದಲನೆಯ ಘಟಕದ ಒಳಗುಮ್ಮಟದ ಕೆಳಪದರವು ಸೀಳಿ ಕಳಚಿಬಿದ್ದಿತು. ಬಿದ್ದ ಕಾಂಕ್ರೀಟಿನ ತೂಕ ಸುಮಾರು 130 ಟನ್. ಕೆಲವು ಕೆಲಸಗಾರರು ಗಾಯಗೊಂಡರು. ರಿಯಾಕ್ಟರಿಗೆ ಇನ್ನೂ ಇಂಧನ ತುಂಬಿರಲಿಲ್ಲವಾದುದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಇದೊಂದು ನಿರ್ಮಾಣ ಕಾಲದ ಅಪಘಾತವಷ್ಟೇ ಎಂದು ಅಂದು ವಾದಿಸಿದವರೂ ಇದ್ದರು. ಈ ಮಾತು ಅರ್ಧ ಸತ್ಯ. ಎಲ್ಲವೂ ವಿಫಲವಾದ ಮೇಲೆ ನಿಲ್ಲಬೇಕಾದ ಕೋಟೆಯೇ, ಯಾವ ಹೊರ ಬಲವೂ ಇಲ್ಲದೆ, ತನ್ನ ಬಿಗಿತಕ್ಕೆ ತಾನೇ ಸೀಳಿತ್ತು. ನಿಗಮವೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ ಪ್ರತ್ಯೇಕವಾಗಿ ತನಿಖೆ ನಡೆಸಿದವು. ಗುಮ್ಮಟದ ದಪ್ಪಕ್ಕೆ ಅಡ್ಡಲಾಗಿ ಹುಟ್ಟುವ ಸೆಳೆತವನ್ನು ವಿನ್ಯಾಸದಲ್ಲಿ ತಕ್ಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದು ಹೊರಬಂದ ಮುಖ್ಯ ಅಂಶ.

ಹಾನಿಗೊಂಡ ಗುಮ್ಮಟವನ್ನು ತೆಗೆದು ಹೊಸ ವಿನ್ಯಾಸವನ್ನು ಸಿದ್ಧಗೊಳಿಸಲಾಯಿತು. ಪದರಗಳನ್ನು ಒಂದಕ್ಕೊಂದು ಹೊಲಿಯುವಂತೆ ದಪ್ಪದ ದಿಕ್ಕಿನಲ್ಲಿ ಉಕ್ಕಿನ ಸರಳುಗಳು ಬಂದವು. ತಂತಿಗಳ ಹಾದಿಗಳನ್ನು ಮತ್ತೆ ಹೊಂದಿಸಲಾಯಿತು. ಸಿಲಿಕಾ ಧೂಳನ್ನು ಬೆರೆಸಿದ, ಎಂ-60 ದರ್ಜೆಯ ಅಧಿಕ ಸಾಮರ್ಥ್ಯದ ಕಾಂಕ್ರೀಟನ್ನು ಬಳಸಲಾಯಿತು. ಆ ಕಾಲದ ಭಾರತದ ನಿರ್ಮಾಣರಂಗಕ್ಕೆ ಇದು ಹೊಸ ಅನುಭವ. ರಾಜಸ್ಥಾನದ ಎರಡು ಘಟಕಗಳ ಗುಮ್ಮಟಗಳೂ ಇದೇ ರೀತಿಯಲ್ಲಿ ಮಾರ್ಪಟ್ಟವು. ನಾಲ್ಕು ಘಟಕಗಳಿಗೂ ವರ್ಷಗಳ ವಿಳಂಬವಾಯಿತು. ಕೈಗಾದ ಮೊದಲನೆಯ ಘಟಕ ಎರಡನೆಯದಕ್ಕಿಂತ ಹಿಂದೆ ಬಿದ್ದುದು ಹೀಗೆ.

ಕಾಡು, ನದಿ ಮತ್ತು ಜನ

ಕೈಗಾವನ್ನು ಕುರಿತು ಕನ್ನಡ ನಾಡಿನಲ್ಲಿ ನಡೆದಷ್ಟು ಬಿರುಸಿನ ಚರ್ಚೆ ವಿಜ್ಞಾನಕ್ಕೆ ಸಂಬಂಧಿಸಿದ ಬೇರೆ ವಿಷಯಗಳಲ್ಲಿ ನಡೆದದ್ದು ಅಪರೂಪ. ತುಮಕೂರಿನಲ್ಲಿ ಜನಿಸಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರು ಯೋಜನೆಯ ಪರವಾಗಿದ್ದರು, ಡಾ. ಶಿವರಾಮ ಕಾರಂತರು ಅದರ ಕಡು ವಿರೋಧಿಯಾಗಿದ್ದರು. ಕಾರಂತರು ಬರಹ ಭಾಷಣಗಳಿಗೆ ನಿಲ್ಲದೆ, 87ರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಕೆನರಾ ಕ್ಷೇತ್ರದಿಂದ ಸ್ಪರ್ಧಿಸಿದರು. ಅವರು ಗೆಲ್ಲಲಿಲ್ಲ. ಆದರೆ ಪರಮಾಣು ಸ್ಥಾವರವೊಂದು ಮತದಾರರ ಮುಂದೆ ಪ್ರಶ್ನೆಯಾಗಿ ಬಂದುದು ಸಣ್ಣ ಸಂಗತಿಯಲ್ಲ. ಮಳೆ ವಿಪರೀತವಾದ, ಗುಡ್ಡ ಕುಸಿಯುವ ಸೀಮೆ. ನದಿಯ ಮೇಲ್ಭಾಗದಲ್ಲಿ ಸೂಪಾ ಅಣೆಕಟ್ಟು. ಅಪರೂಪದ ಕಾಡು – ವಿರೋಧಿಗಳು ಎತ್ತಿದ ಈ ಪ್ರಶ್ನೆಗಳು ಅಜ್ಞಾನದಿಂದ ಬಂದವು ಎಂದು ತಳ್ಳಿಹಾಕುವಂತಿರಲಿಲ್ಲ. ಗುಮ್ಮಟ ಕುಸಿದಾಗ ಅವರ ಸಂಶಯಕ್ಕೆ ಪುಷ್ಟಿ ದೊರೆತಂತಾಯಿತು.

ಸ್ಥಾವರಕ್ಕೆ ತಣ್ಣೀರು ಬರುವುದು ಕದ್ರಾ ಜಲಾಶಯದಿಂದ. ರಿಯಾಕ್ಟರಿನಲ್ಲಿ ಹುಟ್ಟುವ ಉಷ್ಣದಲ್ಲಿ ವಿದ್ಯುತ್ತಾಗುವುದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದು ಸಾಂದ್ರಕದ ಮೂಲಕ ಹಾದುಹೋಗುವ ನೀರಿನೊಂದಿಗೆ ಜಲಾಶಯಕ್ಕೆ ಸೇರುತ್ತದೆ. ಆದುದರಿಂದ ಹಿಂತಿರುಗುವ ನೀರಿನ ಉಷ್ಣತೆಯ ಮೇಲೆ ಕಣ್ಣಿಡುವುದು ವಿಕಿರಣದ ಮಾಪನದಷ್ಟೇ ಮುಖ್ಯವಾದ ಕಾರ್ಯ. ಸ್ಥಾವರ ಆರಂಭವಾಗುವುದಕ್ಕೆ ಮೊದಲೇ ಈ ಪ್ರದೇಶದ ಮಣ್ಣು, ನೀರುಗಳಲ್ಲಿರುವ ಸಹಜ ವಿಕಿರಣವನ್ನು ಅಳೆದಿಡುವ ಕೆಲಸ ನಡೆಯಿತು. ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರೂ ಇದರಲ್ಲಿ ತೊಡಗಿದ್ದರು. ಹಿಂದಿನ ಅಳತೆ ಇಲ್ಲದೆ ಮುಂದಿನ ಅಳತೆಗೆ ಅರ್ಥವಿಲ್ಲವಷ್ಟೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಹಾಲು, ಮೀನು, ನೀರು ಮೊದಲಾದವುಗಳ ಮಾದರಿಗಳನ್ನು ಪರೀಕ್ಷಿಸುತ್ತಿದೆ.

ಇಂಧನದ ಅಭಾವ, ಕುಡಿಯುವ ನೀರಿನ ಪ್ರಕರಣ

ಮೂರನೆಯ ಮತ್ತು ನಾಲ್ಕನೆಯ ಘಟಕಗಳ ನಿರ್ಮಾಣ 2002ರಲ್ಲಿ ತೊಡಗಿತು. ಮೂರನೆಯದು 2007ರ ಮೇ 6ರಂದು ಉತ್ಪಾದನೆಗೆ ಬಂದಿತು. ನಾಲ್ಕನೆಯದಕ್ಕೆ ಒದಗಿದ ಅಡ್ಡಿ ಕಾಂಕ್ರೀಟಿನದಲ್ಲ, ಯುರೇನಿಯಂನದು. ಗಣಿಗಾರಿಕೆಯು ಸ್ಥಾವರಗಳ ಬೆಳವಣಿಗೆಗೆ ಸಮನಾಗಿ ಸಾಗಿರಲಿಲ್ಲ. 2008-09ರಲ್ಲಿ ದೇಶದ ಪರಮಾಣು ಸ್ಥಾವರಗಳು ಸರಾಸರಿ ಅರ್ಧ ಸಾಮರ್ಥ್ಯದಲ್ಲಿ ನಡೆದವು. 2008ರ ಅಂತರರಾಷ್ಟ್ರೀಯ ಒಪ್ಪಂದಗಳ ನಂತರ ಆಮದು ಯುರೇನಿಯಂ ದೊರೆಯುವಂತಾದರೂ ಅದು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ಸ್ಥಾವರಗಳಿಗೆ ಮಾತ್ರ. ಕೈಗಾ ಆ ಪಟ್ಟಿಯಲ್ಲಿಲ್ಲ. ಅದು ದೇಶದ ಗಣಿಗಳ ಯುರೇನಿಯಂನ್ನೇ ನಂಬಿದೆ. ಹೀಗೆ ಸಿದ್ಧವಾಗಿದ್ದ ನಾಲ್ಕನೆಯ ಘಟಕವು ಇಂಧನಕ್ಕಾಗಿ ಕಾದು, 2010ರ ನವೆಂಬರ್ 27ರಂದು ಕ್ರಾಂತಿಕ ಸ್ಥಿತಿಯನ್ನು ತಲುಪಿ, 2011ರ ಜನವರಿ 20ರಂದು ವಾಣಿಜ್ಯ ಉತ್ಪಾದನೆಗೆ ತೊಡಗಿತು.

ಈ ನಡುವೆ 2009ರ ನವೆಂಬರ್‌ನಲ್ಲಿ ಯಂತ್ರದ ದೋಷವಲ್ಲದ, ಮನುಷ್ಯನ ಕೃತ್ಯವಾದ ಒಂದು ಪ್ರಕರಣ ನಡೆಯಿತು. ಭಾರಜಲವು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಸಿಕ್ಕಿದಂತೆಲ್ಲ ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಇದರ ಕಿರಣಗಳು ದುರ್ಬಲ, ಚರ್ಮವನ್ನೂ ದಾಟಲಾರವು; ಆದರೆ ನೀರಿನ ರೂಪದಲ್ಲಿ ದೇಹದೊಳಗೆ ಹೋದರೆ ಅಪಾಯಕಾರಿ. ಆದುದರಿಂದಲೇ ಸ್ಥಾವರದ ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದೆ. ಅಂತಹ ಪರೀಕ್ಷೆಯೊಂದರಲ್ಲಿ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ ಟ್ರಿಟಿಯಂನ ಪ್ರಮಾಣ ಹೆಚ್ಚಾಗಿರುವುದು ಕಂಡುಬಂದಿತು. ಹುಡುಕುತ್ತ ಹೋದಾಗ ಎಲ್ಲರೂ ಕುಡಿದಿದ್ದ ಒಂದು ನೀರಿನ ಕೂಲರಿಗೆ ಯಾರೋ ಭಾರಜಲವನ್ನು ಬೆರೆಸಿರುವುದು ತಿಳಿಯಿತು. ಇದು ಒಳಗಿನವರದೇ ಕೃತ್ಯವೆಂದು ಪರಮಾಣು ಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಹೆಚ್ಚು ನೀರು ಕುಡಿಸಿ, ಮೂತ್ರದ ಮೂಲಕ ಟ್ರಿಟಿಯಂ ಬೇಗ ಹೊರಹೋಗುವಂತೆ ಮಾಡುವುದೇ ಇದರ ಚಿಕಿತ್ಸೆ. ಕೆಲಸಗಾರರಿಗೆ ಅದನ್ನು ನೀಡಲಾಯಿತು.

ಎರಡು ಚಿಪ್ಪಿನ ಗುಮ್ಮಟ, ಎರಡು ಬಗೆಯ ನಿಲುಗಡೆ ವ್ಯವಸ್ಥೆಗಳೆಲ್ಲವೂ ಯಂತ್ರದ ವೈಫಲ್ಯವನ್ನು ಎದುರಿಸಲು ರಚಿತವಾದವು. ಸಹೋದ್ಯೋಗಿಗಳು ಕುಡಿಯುವ ನೀರಿಗೆ ಕೈಹಾಕುವ ಮನುಷ್ಯನನ್ನು ಯಾವ ವಿನ್ಯಾಸಕಾರನೂ ನಕ್ಷೆಯಲ್ಲಿ ಗುರುತಿಸಿರಲಿಲ್ಲ. ವಿಷಯವು ಪತ್ತೆಯಾದುದಕ್ಕೂ ಸಾರ್ವಜನಿಕರಿಗೆ ತಿಳಿದುದಕ್ಕೂ ನಡುವೆ ಕೆಲವು ದಿನಗಳು ಕಳೆದವು; ಕಾರವಾರದ ಸುತ್ತಲಿನ ಜನರಿಗೆ ಟ್ರಿಟಿಯಂಗಿಂತ ಹೆಚ್ಚಾಗಿ ಚುಚ್ಚಿದ್ದು ಈ ಮೌನವಿರಬಹುದು.

962 ದಿನಗಳು

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ನಡೆದ ದುರಂತದ ತರುವಾಯ ಭಾರತದ ಎಲ್ಲ ಸ್ಥಾವರಗಳ ಸುರಕ್ಷತೆಯನ್ನೂ ಮತ್ತೆ ಪರಿಶೀಲಿಸಲಾಯಿತು. ವಿದ್ಯುತ್ ಸಂಪೂರ್ಣವಾಗಿ ಹೋದಾಗ ಹೊರಗಿನಿಂದ ನೀರನ್ನು ಹಾಯಿಸಲು ಜೋಡಣೆಗಳು, ಸಾಗಿಸಬಹುದಾದ ಡೀಸೆಲ್ ಪಂಪು ಜನರೇಟರುಗಳು ಮೊದಲಾದವನ್ನು ಸೇರಿಸಲಾಯಿತು. ನರೋರಾದ ಸಿಬ್ಬಂದಿ 1993ರಲ್ಲಿ ಸಮಯಸ್ಫೂರ್ತಿಯಿಂದ ಮಾಡಿದ್ದನ್ನು ಈಗ ಪೈಪುಗಳ ರೂಪದಲ್ಲಿ ಮುಂಚಿತವಾಗಿಯೇ ಇರಿಸಲಾಯಿತು ಎನ್ನಬಹುದು.

2016ರ ಮೇ 13ರಂದು ಕೈಗಾದ ಮೊದಲನೆಯ ಘಟಕವನ್ನು ಚಾಲನೆಗೊಳಿಸಲಾಯಿತು. ಗುಮ್ಮಟ ಕುಸಿದ ದಿನಕ್ಕೆ ಸರಿಯಾಗಿ 22 ವರ್ಷಗಳ ಬಳಿಕ, ಅದೇ ಘಟಕ, ಅದೇ ತಾರೀಖು; ಇದು ಕೇವಲ ಕಾಕತಾಳೀಯ. ಅಂದು ಚಲಿಸಿದ ಘಟಕ ಎಡೆಬಿಡದೆ ನಡೆಯಿತು. ಭಾರತದಲ್ಲಿ ಅದುವರೆಗಿನ ದಾಖಲೆ ರಾಜಸ್ಥಾನದ ಐದನೆಯ ಘಟಕದ 765 ದಿನಗಳದ್ದಾಗಿತ್ತು, ಅದನ್ನು ದಾಟಿತು. 2018ರ ಡಿಸೆಂಬರ್ 10ರಂದು 941ನೆಯ ದಿನವನ್ನು ಪೂರೈಸಿ, ಬ್ರಿಟನ್ನಿನ ಹೇಶಮ್ ಸ್ಥಾವರದ ಘಟಕವೊಂದು ಸ್ಥಾಪಿಸಿದ್ದ 940 ದಿನಗಳ ವಿಶ್ವದಾಖಲೆಯನ್ನೂ ಮುರಿಯಿತು. ಡಿಸೆಂಬರ್ 31ರಂದು ತಪಾಸಣೆ ಮತ್ತು ದುರಸ್ತಿಗಾಗಿ ಅದನ್ನು ನಿಲ್ಲಿಸಿದಾಗ 962 ದಿನಗಳಾಗಿದ್ದವು. ಆ ಅವಧಿಯಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 500 ಕೋಟಿ ಯೂನಿಟ್. ಈ ದಾಖಲೆಯನ್ನು 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಮೊದಲನೆಯ ಘಟಕ ಮುರಿಯಿತು. ಅದೂ ಭಾರಜಲ ರಿಯಾಕ್ಟರೇ. 2021ರ ಆರಂಭದಲ್ಲಿ ನಿಲ್ಲುವ ಮುನ್ನ 1106 ದಿನ ನಡೆದಿತ್ತು.

ಇಂತಹ ದಾಖಲೆಯಿಂದ ಏನು ತಿಳಿಯುತ್ತದೆ ಎಂಬುದನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಕೊಳವೆ, ಪಂಪು, ಕವಾಟ, ಟರ್ಬೈನುಗಳಲ್ಲಿ ಯಾವುದೊಂದು ಕೆಟ್ಟರೂ ಘಟಕ ನಿಲ್ಲುತ್ತದೆ. ಎರಡೂವರೆ ವರ್ಷಕ್ಕೂ ಮೀರಿ ಯಾವುದೂ ಕೆಡಲಿಲ್ಲ ಎಂಬುದು ನಿರ್ವಹಣೆಯ ಉತ್ಕೃಷ್ಟತೆಗೆ ಸಾಕ್ಷಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲವಿದ್ಯುತ್ತು ಕುಗ್ಗುವ ಕರ್ನಾಟಕದಂತಹ ರಾಜ್ಯಕ್ಕೆ, ಹಗಲು ರಾತ್ರಿ ಒಂದೇ ಸಮನೆ ಬರುವ ವಿದ್ಯುತ್ತಿನ ಬೆಲೆ ಸಣ್ಣದಲ್ಲ. ಆದರೆ ಇದು ಸುರಕ್ಷತೆಯ ಅಳತೆಗೋಲಲ್ಲ. ಅವಶ್ಯವಿದ್ದಾಗ ಘಟಕವನ್ನು ಹಿಂದುಮುಂದು ನೋಡದೆ ನಿಲ್ಲಿಸುವವನೂ ಅಷ್ಟೇ ಒಳ್ಳೆಯ ಚಾಲಕ. ಅದೇ 2016ರ ಮಾರ್ಚ್‌ನಲ್ಲಿ ಗುಜರಾತಿನ ಕಾಕ್ರಪಾರದಲ್ಲಿ ಒಂದು ಕೊಳವೆ ಸೋರಿ, ಆ ಘಟಕವನ್ನು ನಿಲ್ಲಿಸಬೇಕಾಗಿ ಬಂದದ್ದನ್ನು ಇಲ್ಲಿ ನೆನೆಯಬಹುದು.

ಐದನೆಯ ಮತ್ತು ಆರನೆಯ ಘಟಕಗಳು

ವಿಶ್ವದಾಖಲೆಯಾದ ಐದು ದಿನಗಳಿಗೆ, 2018ರ ಡಿಸೆಂಬರ್ 15ರಂದು, ಕೈಗಾ ನೌಕರರ ವಸತಿ ಇರುವ ಮಲ್ಲಾಪುರದಲ್ಲಿ ಐದು ಮತ್ತು ಆರನೆಯ ಘಟಕಗಳನ್ನು ಕುರಿತು ಸಾರ್ವಜನಿಕ ವಿಚಾರಣೆ ನಡೆಯಿತು. ಬಂದವರಲ್ಲಿ ಹಲವರು ವಿರೋಧಿಸಿದರು. ಕಾಡಿನ ನಾಶ, ಜನರ ಆರೋಗ್ಯ, ನದಿಯ ಮೇಲಿನ ಹೊರೆ – ಮೂವತ್ತು ವರ್ಷಗಳ ಹಿಂದಿನ ಪ್ರಶ್ನೆಗಳೇ ಮತ್ತೆ ಎದ್ದವು. ಪರಿಸರ ಸಚಿವಾಲಯದ ಅನುಮತಿ 2019ರಲ್ಲಿ ದೊರೆಯಿತು.

ಹೊಸ ಘಟಕಗಳು ತಲಾ 700 ಮೆಗಾವಾಟ್ ಸಾಮರ್ಥ್ಯದವು. ಮೂಲ ತತ್ವ ಅದೇ, ಸಹಜ ಯುರೇನಿಯಂ ಮತ್ತು ಭಾರಜಲ. ಆದರೆ ಕೊಳವೆಗಳು 306ರ ಬದಲು 392, ಒಂದು ಗೊಂಚಲಿನಲ್ಲಿ 19ರ ಬದಲು 37 ಕಡ್ಡಿಗಳು. ಉಷ್ಣವನ್ನೆಲ್ಲ ಜಲಾಶಯಕ್ಕೆ ಬಿಡದೆ ಶೀತಲ ಗೋಪುರಗಳನ್ನು ಕಟ್ಟುವುದು ಯೋಜನೆಯಲ್ಲಿ ಸೇರಿದೆ. ಇದೇ ವಿನ್ಯಾಸದ ಮೊದಲ ಘಟಕ ಕಾಕ್ರಪಾರದಲ್ಲಿ 2023ರ ಜೂನ್ 30ರಂದು ವಾಣಿಜ್ಯ ಉತ್ಪಾದನೆಗೆ ತೊಡಗಿತು. ಅದರ ಒಳಚಿಪ್ಪಿನಲ್ಲಿ ಸೋರಿಕೆಯನ್ನು ತಡೆಯುವ ಭಾರವನ್ನು ಕಾಂಕ್ರೀಟೊಂದಕ್ಕೇ ಬಿಟ್ಟಿಲ್ಲ; ಒಳಮೈಗೆ ಉದ್ದಕ್ಕೂ ಉಕ್ಕಿನ ತಗಡಿನ ಹೊದಿಕೆಯನ್ನು ಕೂಡಿಸಲಾಗಿದೆ.